ಒಂದು ಗೋಲಿನ ಗೆಲುವು, ಮೂರು ಬಗೆಯ ವಾದ

ಫುಟ್‌ಬಾಲ್ ಕಪ್ ಪಂದ್ಯದಲ್ಲಿ ಒಂದೇ ಗೋಲಿನ ಅಂತರದಿಂದ, ಅದೂ ಆಟ ಕಳೆಗಟ್ಟದೆ ದಕ್ಕಿದ ಗೆಲುವನ್ನು ಗೆದ್ದ ತಂಡದ ಅಭಿಮಾನಿಗಳೇ ಮನಸಾರೆ ಒಪ್ಪುವುದು ಕಡಿಮೆ. ಸೋತವರಿಗೆ ಬೈಯಲು ರೆಫರಿ ಇರುತ್ತಾರೆ, ಹಾಳು ಮೈದಾನ ಇರುತ್ತದೆ, ಕೈಕೊಟ್ಟ ಅದೃಷ್ಟ ಇರುತ್ತದೆ. ಗೆದ್ದವರಿಗೆ ಆ ಸವಲತ್ತಿಲ್ಲ. ಆದ್ದರಿಂದ ಅವರು ತಮ್ಮ ತಂಡವನ್ನೇ ವಿಚಾರಣೆಗೆ ನಿಲ್ಲಿಸುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಕ್ರಿಕೆಟ್ಟಿಗೆ ಇರುವಷ್ಟು ಜನ ಕಾಲ್ಚೆಂಡಿಗೆ ಇಲ್ಲ. ಇಲ್ಲಿಂದ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಒಂದು ರಾತ್ರಿಯ ಬಸ್ಸಿನಷ್ಟು ದೂರ. ಪಂದ್ಯ ಮೊಬೈಲಿನಲ್ಲಿ ಬರುತ್ತದೆ, ಅದರ ವಾದ ಮರುದಿನ ಒಗ್ಗರಣಿ–ಮಿರ್ಚಿ ತಟ್ಟೆಯ ಮುಂದೆ ನಡೆಯುತ್ತದೆ. ಒಬ್ಬ ‘ಗೆದ್ದಾರ ಖರೆ, ಆದ್ರ ಆಟ ಏನೂ ಇರಲಿಲ್ಲ ಬಿಡಪಾ’ ಅಂದರೆ ಇನ್ನೊಬ್ಬನ ಉತ್ತರ ಸಿದ್ಧವಿರುತ್ತದೆ: ‘ಕಪ್ ಮ್ಯಾಲೆ ಎಷ್ಟು ಗೋಲಿಂದ ಗೆದ್ರು ಅಂತ ಬರೀತಾರೇನು?’

ಇಬ್ಬರೂ ತಪ್ಪು ಹೇಳುತ್ತಿಲ್ಲ. ಇಬ್ಬರೂ ಉತ್ತರಿಸುತ್ತಿರುವ ಪ್ರಶ್ನೆಗಳೇ ಬೇರೆ. ಇಂಥ ವಾದದೊಳಗೆ ಸಾಮಾನ್ಯವಾಗಿ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಗೆಲುವು ನಿಯಮದಂತೆ ಬಂತೇ ಎಂಬುದು ಮೊದಲನೆಯದು. ಆಡಿದ ಆಟಕ್ಕೆ ಆ ಗೆಲುವು ತಕ್ಕುದೇ ಎಂಬುದು ಎರಡನೆಯದು. ಈ ಆಟ ಮುಂದಿನ ಸುತ್ತಿಗೂ ಸಾಕಾಗುತ್ತದೆಯೇ ಎಂಬುದು ಮೂರನೆಯದು. ಮೊದಲನೆಯದಕ್ಕೆ ನಿಯಮ ಪುಸ್ತಕದಲ್ಲಿ ಉತ್ತರವಿದೆ. ಎರಡನೆಯದಕ್ಕೆ ಇಡೀ ತೊಂಬತ್ತು ನಿಮಿಷದ ಆಟ ನೋಡಬೇಕು. ಮೂರನೆಯದಕ್ಕೆ ಕಾಯದೆ ವಿಧಿಯಿಲ್ಲ.

ಗೋಲು ಯಾಕಿಷ್ಟು ತುಟ್ಟಿ

ವಾದದ ಮೂಲ ಆಟದ ಲೆಕ್ಕದಲ್ಲೇ ಇದೆ. 2022ರ ಕತಾರ್ ವಿಶ್ವಕಪ್‌ನ 64 ಪಂದ್ಯಗಳಲ್ಲಿ ಬಂದ ಗೋಲುಗಳು 172, ಅಂದರೆ ಪಂದ್ಯಕ್ಕೆ ಎರಡೂ ತಂಡ ಸೇರಿ ಮೂರೂ ಇಲ್ಲ. ನಲವತ್ತು ನಿಮಿಷದ ಕಬಡ್ಡಿ ಪಂದ್ಯದಲ್ಲಿ ಒಂದು ತಂಡವೇ ಮೂವತ್ತು ದಾಟುವುದು ಮಾಮೂಲು. ಕಬಡ್ಡಿಯಲ್ಲಿ ಒಂದು ರೇಡ್ ಕೆಟ್ಟರೆ ತಿದ್ದಿಕೊಳ್ಳಲು ಹತ್ತಾರು ರೇಡ್ ಉಳಿದಿರುತ್ತವೆ, ಹೀಗಾಗಿ ಅಂಕ ಹೆಚ್ಚಿದಂತೆ ಅದೃಷ್ಟದ ಪಾಲು ತಗ್ಗುತ್ತದೆ. ಕಾಲ್ಚೆಂಡಿನಲ್ಲಿ ಒಂದು ಜಾರಿದ ಹೆಜ್ಜೆ, ಕಂಬಕ್ಕೆ ಬಡಿದ ಒಂದು ಚೆಂಡು, ರೆಫರಿಯ ಒಂದು ತೀರ್ಪು ಇಡೀ ಸಂಜೆಯ ಫಲಿತಾಂಶವನ್ನು ತಿರುಗಿಸಬಲ್ಲದು.

ಇದನ್ನು ಅಂಕಿಯಲ್ಲೂ ತೋರಿಸಬಹುದು. ಒಂದು ತಂಡ ಪಂದ್ಯಕ್ಕೆ ಸರಾಸರಿ ಎರಡು ಗೋಲು, ಎದುರಾಳಿ ಸರಾಸರಿ ಒಂದು ಗೋಲು ಹೊಡೆಯುವಷ್ಟು ಬಲವುಳ್ಳವು ಎಂದಿಟ್ಟುಕೊಳ್ಳೋಣ. ಒಂದರದು ಇನ್ನೊಂದರ ಇಮ್ಮಡಿ ಶಕ್ತಿ. ಪ್ವಾಸೋನ್ ಎಂಬ ಫ್ರೆಂಚ್ ಗಣಿತಜ್ಞನ ಹೆಸರಿನ ಸಂಭಾವ್ಯತೆಯ ಸೂತ್ರ ಹಾಕಿದರೆ ನೂರು ಪಂದ್ಯಗಳಲ್ಲಿ ಬಲಿಷ್ಠ ತಂಡ ಗೆಲ್ಲುವುದು ಸುಮಾರು 61. ಸುಮಾರು 21 ಸಮವಾಗುತ್ತವೆ, ಉಳಿದ 18ರಲ್ಲಿ ಆ ತಂಡ ಸೋಲುತ್ತದೆ. ಸಮವಾದವುಗಳಲ್ಲಿ ಅರ್ಧದಷ್ಟು ಹೆಚ್ಚುವರಿ ಅವಧಿಯಲ್ಲೋ ಶೂಟೌಟ್‌ನಲ್ಲೋ ಅದರ ಪಾಲಾದವು ಎಂದರೂ ಒಂದು ಸುತ್ತು ದಾಟುವ ಸಾಧ್ಯತೆ ನೂರಕ್ಕೆ 71. ಕಪ್ ಎತ್ತಲು ಇಂಥ ನಾಲ್ಕು ಸುತ್ತು ಬೆನ್ನುಬೆನ್ನಿಗೆ ಗೆಲ್ಲಬೇಕೆಂದರೆ ಆ ಸಾಧ್ಯತೆ ನೂರಕ್ಕೆ 26ರ ಆಸುಪಾಸಿಗೆ ಇಳಿಯುತ್ತದೆ. ಪ್ರತಿ ಎದುರಾಳಿಗಿಂತ ಇಮ್ಮಡಿ ಬಲವಿದ್ದರೂ ನಾಲ್ಕರಲ್ಲಿ ಮೂರು ಸಲ ಕಪ್ ಕೈತಪ್ಪುತ್ತದೆ ಎಂದರ್ಥ. ಹೀಗಿರುವಾಗ ಪ್ರತಿ ಸುತ್ತಿನಲ್ಲೂ ಎದುರಾಳಿಯನ್ನು ಹಣಿದು ಹಾಕಬೇಕೆನ್ನುವ ಅಭಿಮಾನಿಯ ನಿರೀಕ್ಷೆಗೂ ಆಟದ ಸ್ವಭಾವಕ್ಕೂ ತಾಳೆಯಾಗುವುದು ಕಷ್ಟ.

ಲೀಗ್ ಕೇಳುವುದೊಂದು, ಕಪ್ ಕೇಳುವುದೊಂದು

ಲೀಗ್ ಎಂದರೆ ಎಲ್ಲರೊಂದಿಗೆ ಎಲ್ಲರ ಆಟ. ಒಂದು ದಿನದ ಕೆಟ್ಟ ಆಟವನ್ನು ಮುಂದಿನ ವಾರಗಳ ಒಳ್ಳೆಯ ಆಟ ತುಂಬಿಕೊಡುತ್ತದೆ. ಋತುವಿನ ಕೊನೆಗೆ ಅಂಕಪಟ್ಟಿಯ ತುದಿಯಲ್ಲಿರುವ ತಂಡ ಬಹುಮಟ್ಟಿಗೆ ಬಲಿಷ್ಠ ತಂಡವೇ. ಕಪ್ ಅಥವಾ ನಾಕೌಟ್‌ನಲ್ಲಿ ಸೋತವರು ಮನೆಗೆ ಹೋಗುತ್ತಾರೆ. ಅದು ಕೇಳುವುದು ‘ಇವತ್ತು ಯಾರು’ ಎಂಬುದನ್ನಷ್ಟೇ.

ಈ ಎರಡರ ನಡುವಿನ ಅಂತರವನ್ನು ಕರ್ನಾಟಕದವರು ಎರಡು ವರ್ಷ ಸತತ ಕಂಡರು. 2013ರಲ್ಲಿ ಹುಟ್ಟಿ, ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದ ಬೆಂಗಳೂರು ಎಫ್‌ಸಿ, 2017–18ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ ಬಂತು. ಆ ಋತುವಿನ 18 ಲೀಗ್ ಪಂದ್ಯಗಳಲ್ಲಿ 40 ಅಂಕ ಗಳಿಸಿ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಅಂಕ ಮುಂದೆ ನಿಂತಿತು. ಆದರೆ ಕಪ್ಪನ್ನು ತೀರ್ಮಾನಿಸಿದ್ದು ಲೀಗ್ ನಂತರದ ನಾಕೌಟ್. 2018ರ ಮಾರ್ಚ್ 17ರಂದು ತನ್ನದೇ ಅಂಗಳದಲ್ಲಿ ನಡೆದ ಫೈನಲ್‌ನಲ್ಲಿ ಅದೇ ಚೆನ್ನೈಯಿನ್‌ಗೆ 2–3ರಿಂದ ಸೋತಿತು. ಒಂಬತ್ತನೇ ನಿಮಿಷದಲ್ಲಿ ಸುನಿಲ್ ಛೆಟ್ರಿ ಕೊಟ್ಟ ಮುನ್ನಡೆ ವಿರಾಮದ ಹೊತ್ತಿಗೇ ಕರಗಿತ್ತು. ಎದುರಾಳಿಯ ರಕ್ಷಣಾ ಆಟಗಾರ ಮೈಲ್ಸನ್ ಆಲ್ವೆಸ್ ಎರಡು ಗೋಲು ಹೊಡೆದಿದ್ದರು.

ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು ಮುಂಬೈನಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲಿತು. ಎದುರಾಳಿ ಎಫ್‌ಸಿ ಗೋವಾ ಆ ಋತುವಿನ ಗೋಲುಗಳ ಗಣಿ, ಅದರ ಕೋರೊ ಒಬ್ಬರೇ 16 ಗೋಲು ಹೊಡೆದಿದ್ದರು. ಲೀಗ್‌ನಲ್ಲಿ ಎರಡೂ ತಂಡಗಳದ್ದು ತಲಾ 34 ಅಂಕ. ಫೈನಲ್‌ನ ತೊಂಬತ್ತು ನಿಮಿಷದಲ್ಲಿ ಒಂದೂ ಗೋಲು ಬರಲಿಲ್ಲ. ಹೆಚ್ಚುವರಿ ಅವಧಿಯ ಮೊದಲರ್ಧದ ಕೊನೆಗೆ ಗೋವಾದ ಅಹ್ಮದ್ ಜಾಹೂ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು. 117ನೇ ನಿಮಿಷದಲ್ಲಿ ದಿಮಾಸ್ ಡೆಲ್ಗಾಡೊ ಹೊಡೆದ ಕಾರ್ನರ್‌ಗೆ ರಾಹುಲ್ ಭೆಕೆ ತಲೆಕೊಟ್ಟರು, ಕಪ್ ಬೆಂಗಳೂರಿಗೆ ಬಂತು. ಹತ್ತು ಜನರ ಎದುರು, ಒಂದು ಕಾರ್ನರ್‌ನಿಂದ, ಕೊನೆಯ ಗಳಿಗೆಯಲ್ಲಿ ಬಂದ ಗೆಲುವು ಇದು. ಮೊದಲ ಸಲ ಎಂಟು ಅಂಕದ ಮೇಲುಗೈ ಇದ್ದೂ ಕಪ್ ಸಿಗಲಿಲ್ಲ, ಎರಡನೇ ಸಲ ಸಮ ಅಂಕದವರ ಎದುರು ಮೂರು ನಿಮಿಷ ಉಳಿದಿರುವಾಗ ಸಿಕ್ಕಿತು. ಕ್ಲಬ್ಬಿನ ಇತಿಹಾಸದಲ್ಲಿ ಸೂಪರ್ ಲೀಗ್ ಕಪ್ ಬಂದ ವರ್ಷ ಎಂದು ಉಳಿದಿರುವುದು 2019. ಗೆದ್ದೆತ್ತಿನ ಬಾಲ ಹಿಡಿಯುವುದು ದಾಖಲೆ ಪುಸ್ತಕದ ಸ್ವಭಾವ.

ಸೀಟಿ ಇಲ್ಲದ ಒಂದು ಹೊಡೆತ

ಒಂದು ಗೋಲಿನ ಗೆಲುವಿನ ಬಗ್ಗೆ ದಕ್ಷಿಣ ಭಾರತದಲ್ಲಿ ನಡೆದ ದೊಡ್ಡ ವಾದಗಳಲ್ಲೊಂದು 2023ರ ಮಾರ್ಚ್ 3ರ ಶುಕ್ರವಾರದ್ದು. ಆ ಋತುವಿನಲ್ಲಿ ಸೂಪರ್ ಲೀಗ್‌ನ ಪ್ಲೇಆಫ್‌ಗೆ ಆರು ತಂಡ ಬಂದವು. ಮೊದಲ ಎರಡು ನೇರ ಸೆಮಿಫೈನಲ್‌ಗೆ ಹೋದರೆ ಮೂರರಿಂದ ಆರರವರೆಗಿನವರಿಗೆ ಒಂದೇ ಪಂದ್ಯದ ನಾಕೌಟ್. ನಾಲ್ಕನೇ ಸ್ಥಾನದ ಬೆಂಗಳೂರು ಮತ್ತು ಐದನೇ ಸ್ಥಾನದ ಕೇರಳ ಬ್ಲಾಸ್ಟರ್ಸ್ ಕಂಠೀರವದಲ್ಲಿ ಎದುರಾದವು. ನಿಗದಿತ ಅವಧಿ 0–0ಯಲ್ಲಿ ಮುಗಿಯಿತು.

ಹೆಚ್ಚುವರಿ ಅವಧಿ ಶುರುವಾಗಿ ಕೆಲವೇ ನಿಮಿಷಕ್ಕೆ, ಕೇರಳದ ಪೆನಾಲ್ಟಿ ಆವರಣದ ಹೊರಗೆ ಛೆಟ್ರಿಯನ್ನು ಬೀಳಿಸಿದ್ದಕ್ಕೆ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಕೇರಳದ ಆಟಗಾರರು ಗೋಡೆ ಕಟ್ಟುವ ತಯಾರಿಯಲ್ಲಿದ್ದರು. ಗೋಲ್‌ಕೀಪರ್ ಪ್ರಭಸುಖನ್ ಗಿಲ್ ಆ ಗೋಡೆಯನ್ನು ಸರಿಹೊಂದಿಸುವುದರಲ್ಲಿ ಮುಳುಗಿದ್ದರು, ಗೋಲಿನ ಬಾಯಿ ತೆರೆದಿತ್ತು. 96ನೇ ನಿಮಿಷದಲ್ಲಿ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಬಲೆಗೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಕೇರಳದವರು ಮುತ್ತಿಕೊಂಡರು. ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು, ತಂಡ ಮರಳಿ ಬರಲಿಲ್ಲ. ಕಾದು ನೋಡಿದ ಮೇಲೆ ಪಂದ್ಯವನ್ನು ಬೆಂಗಳೂರಿನದೆಂದು ಘೋಷಿಸಲಾಯಿತು.

ಇಲ್ಲಿ ಮೂರು ಪ್ರಶ್ನೆಗಳಲ್ಲಿ ಮೊದಲನೆಯದೇ ಮುಂಚೂಣಿಗೆ ಬಂತು. ಫ್ರೀಕಿಕ್ ಇರುವುದು ಪೆಟ್ಟು ತಿಂದ ತಂಡದ ಅನುಕೂಲಕ್ಕೆ. ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಬೇಕು ಎಂಬುದು ನಿಯಮ. ಆದರೆ ಅವರು ದೂರ ಹೋಗುವವರೆಗೆ ಕಾಯಲೇಬೇಕು ಎಂದು ಹೊಡೆಯುವವರನ್ನು ನಿಯಮ ಕಟ್ಟಿಹಾಕುವುದಿಲ್ಲ. ಅಂತರ ತೋರಿಸಿ ಎಂದು ತಂಡ ಕೇಳಿಕೊಂಡಾಗ, ಕಾರ್ಡ್ ತೋರಿಸಿದಾಗ, ಆಟಗಾರನಿಗೆ ಪೆಟ್ಟಾದಾಗ ಅಥವಾ ಬದಲಿ ಆಟಗಾರ ಬಂದಾಗ ಮಾತ್ರ ಮತ್ತೆ ಆಟ ಶುರುವಾಗಲು ಸೀಟಿ ಬೇಕು. ಉಳಿದಂತೆ ಚೆಂಡು ನಿಂತಿದ್ದರೆ ಸಾಕು, ಹೊಡೆಯಬಹುದು. ತನಗೆ ಸೀಟಿಯೂ ಬೇಡ, ಗೋಡೆಯ ಅಂತರವೂ ಬೇಡ ಎಂದು ರೆಫರಿಗೆ ಹೇಳಿದ್ದಾಗಿ ಛೆಟ್ರಿ ಪಂದ್ಯದ ನಂತರ ತಿಳಿಸಿದರು. ರೆಫರಿ ಅದಾಗಲೇ ಗೋಡೆಯ ವಿಷಯದಲ್ಲಿ ಮಧ್ಯೆ ಬಂದಿದ್ದರು, ಹಾಗಾಗಿ ಸೀಟಿಗೆ ಕಾಯಬೇಕಿತ್ತು ಎಂಬುದು ಕೇರಳದ ಪಾಳಯದ ಮಾತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ನ ಶಿಸ್ತು ಸಮಿತಿ ಕೇರಳದ ಆಕ್ಷೇಪವನ್ನು ತಳ್ಳಿಹಾಕಿತು. ಪಂದ್ಯ ಬಿಟ್ಟು ನಡೆದದ್ದಕ್ಕೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿ, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು. ಕ್ಲಬ್ ಬಹಿರಂಗ ಕ್ಷಮೆ ಕೇಳಬೇಕೆಂಬ ಷರತ್ತೂ ಅದರೊಂದಿಗಿತ್ತು.

ನಿಯಮದ ಪ್ರಶ್ನೆಗೆ ಅಲ್ಲಿಗೆ ಅಧಿಕೃತ ಉತ್ತರ ಸಿಕ್ಕಿತು, ವಾದ ಮಾತ್ರ ಎರಡನೇ ಪ್ರಶ್ನೆಗೆ ಜಾರಿತು. ‘ಮೋಸ ಅಲ್ಲ ಖರೆ, ಆದ್ರ ಇದೇನು ಗೆಲುವು’ ಎನ್ನುವವರು ಬೆಂಗಳೂರಿನ ಅಭಿಮಾನಿಗಳಲ್ಲೂ ಇದ್ದರು. ಎದುರಾಳಿ ಅರೆಗಳಿಗೆ ಮೈಮರೆತಾಗ ಹೊಡೆಯುವುದೂ ಆಟದ ಜಾಣ್ಮೆಯೇ ಎಂಬುದು ಇನ್ನೊಂದು ಪಕ್ಷ. ಕಬಡ್ಡಿ ಬಲ್ಲವರಿಗೆ ಈ ಎರಡನೇ ಪಕ್ಷ ಬೇಗ ಹಿಡಿಸುತ್ತದೆ. ರೇಡರ್ ಬೆನ್ನು ತಿರುಗಿಸಿದ ಕ್ಷಣದಲ್ಲಿ ಕಣಕಾಲು ಹಿಡಿಯುವವನನ್ನು ಅಲ್ಲಿ ಯಾರೂ ಮೋಸಗಾರ ಎನ್ನುವುದಿಲ್ಲ, ಚುರುಕು ಎನ್ನುತ್ತಾರೆ.

ಮೂರನೇ ಪ್ರಶ್ನೆಗೆ ಮುಂದಿನ ಎರಡು ವಾರ ಉತ್ತರ ಕೊಟ್ಟವು. ಸೆಮಿಫೈನಲ್‌ನಲ್ಲಿ ಬೆಂಗಳೂರಿಗೆ ಎದುರಾದದ್ದು ಲೀಗ್‌ನಲ್ಲಿ 46 ಅಂಕ ಗಳಿಸಿ ಅಗ್ರಸ್ಥಾನದ ಶೀಲ್ಡ್ ಗೆದ್ದಿದ್ದ ಮುಂಬೈ ಸಿಟಿ, ಬೆಂಗಳೂರಿನದು 34. ಮುಂಬೈನಲ್ಲಿ 1–0 ಗೆಲುವು, ಬೆಂಗಳೂರಿನಲ್ಲಿ 1–2 ಸೋಲು, ಒಟ್ಟು 2–2. ಶೂಟೌಟ್ 9–8ರವರೆಗೆ ಎಳೆದು ಬೆಂಗಳೂರಿನ ಪಾಲಾಯಿತು. ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಕೋಲ್ಕತ್ತದ ಎಟಿಕೆ ಮೋಹನ್ ಬಾಗಾನ್ ವಿರುದ್ಧದ ಫೈನಲ್ ಕೂಡ 2–2. ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿಯಿಂದ ಬಂದವು. ಈ ಬಾರಿ ಶೂಟೌಟ್ 3–4ರಿಂದ ಕೈಕೊಟ್ಟಿತು. ಮಾರ್ಚ್ 3ರಂದು ಒಂದು ಹೊಡೆತದಿಂದ ಬದುಕಿದ ತಂಡ ಮಾರ್ಚ್ 18ರಂದು ಒಂದು ಹೊಡೆತದಿಂದ ಸೋತಿತು.

ಮರುದಿನ ರಿಯಾದ್‌ನಲ್ಲಿ

ಕಂಠೀರವದ ಆ ರಾತ್ರಿಯ ಮರುದಿನವೇ, ಮಾರ್ಚ್ 4ರ ಶನಿವಾರ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ರಾಜ್ಯ ತಂಡ ಸಂತೋಷ್ ಟ್ರೋಫಿ ಫೈನಲ್ ಆಡಿತು. 1941ರಲ್ಲಿ ಆರಂಭವಾದ ಈ ಅಂತರರಾಜ್ಯ ಟೂರ್ನಿಯನ್ನು ರಾಜ್ಯ ಹಿಂದೆ ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಸಲ ಗೆದ್ದಿತ್ತು: 1946–47, 1952–53, 1967–68 ಮತ್ತು 1968–69. ಕೊನೆಯ ಗೆಲುವಿಗೂ ರಿಯಾದ್‌ಗೂ ನಡುವೆ 54 ವರ್ಷ. ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು 3–1ರಿಂದ ದಾಟಿ ಬಂದಿದ್ದ ಕರ್ನಾಟಕಕ್ಕೆ ಫೈನಲ್‌ನಲ್ಲಿ ಎದುರಾದದ್ದು ಮೇಘಾಲಯ.

ಎರಡನೇ ನಿಮಿಷದಲ್ಲೇ ಸುನಿಲ್ ಕುಮಾರ್ ಗೋಲು ಹೊಡೆದರು. ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು. ಬೇಕೆ ಒರಾಮ್ ಮತ್ತೆ ಮುನ್ನಡೆ ಕೊಟ್ಟರು, ವಿರಾಮದ ಹೊಸ್ತಿಲಲ್ಲಿ ರಾಬಿನ್ ಯಾದವ್ ಅಂತರವನ್ನು 3–1 ಮಾಡಿದರು. ಉತ್ತರಾರ್ಧದಲ್ಲಿ ಮೇಘಾಲಯ ಇನ್ನೊಂದು ಗೋಲು ತೀರಿಸಿತು. ಉಳಿದ ಅರ್ಧ ಗಂಟೆ ಕರ್ನಾಟಕ ಆ ಒಂದು ಗೋಲನ್ನು ಕಾಯ್ದುಕೊಂಡಿತು. 3–2ರ ಈ ಗೆಲುವನ್ನೂ ‘ಕಷ್ಟದ ಗೆಲುವು’ ಎನ್ನಬಹುದು, ಆದರೆ ಅದರ ಮೇಲೆ ಯಾರೂ ತಕರಾರು ಎತ್ತಲಿಲ್ಲ. ಒಂದೇ ರಾಜ್ಯದ ಎರಡು ತಂಡ, ಒಂದು ದಿನದ ಅಂತರ, ಎರಡೂ ಒಂದು ಗೋಲಿನ ಗೆಲುವು. ಒಂದಕ್ಕೆ ವಾದ, ಇನ್ನೊಂದಕ್ಕೆ ಮೆರವಣಿಗೆಯ ಮಾತು. ಗೆಲುವನ್ನು ಒಪ್ಪುವುದು ಬಿಡುವುದು ಗೋಲಿನ ಅಂತರವನ್ನೊಂದೇ ನೆಚ್ಚಿಲ್ಲ. ಗೋಲು ಬಂದ ಬಗೆ, ಕಾದ ವರ್ಷಗಳು, ತಂಡದ ಮೇಲಿದ್ದ ನಿರೀಕ್ಷೆ ಎಲ್ಲವೂ ಅದರಲ್ಲಿ ಸೇರುತ್ತವೆ.

ನಿರೀಕ್ಷೆಯ ಈ ತೂಕಕ್ಕೆ ಹೊರಗಿನ ಉದಾಹರಣೆಯೂ ಇದೆ. 2004ರ ಯುರೋ ಕಪ್‌ನಲ್ಲಿ ಗ್ರೀಸ್ ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ 1–0ರಿಂದ ಗೆದ್ದಿತು. ಬರೀ ರಕ್ಷಣೆ ಮಾಡಿ ಗೆದ್ದರು ಎಂದು ಜಗತ್ತು ಮೂಗು ಮುರಿಯಿತು. 2010ರ ವಿಶ್ವಕಪ್‌ನಲ್ಲಿ ಸ್ಪೇನ್ ನಾಕೌಟ್‌ನ ನಾಲ್ಕೂ ಪಂದ್ಯಗಳನ್ನು 1–0ರಿಂದಲೇ ಗೆದ್ದಿತು, ಇಡೀ ಟೂರ್ನಿಯ ಏಳು ಪಂದ್ಯಗಳಲ್ಲಿ ಅದರ ಗೋಲುಗಳು ಎಂಟೇ. ಅದನ್ನು ಕಲೆ ಎಂದು ಹೊಗಳಿದವರೇ ಹೆಚ್ಚು. ಅಂಕಿ ಒಂದೇ. ಗ್ರೀಸ್ ಚೆಂಡನ್ನು ಎದುರಾಳಿಗೆ ಬಿಟ್ಟು ಕಾವಲು ಕಾಯಿತು, ಸ್ಪೇನ್ ಚೆಂಡನ್ನು ತನ್ನ ಕಾಲಿನಲ್ಲೇ ಇಟ್ಟುಕೊಂಡು ಕಾವಲು ಕಾಯಿತು.

ಆಟವನ್ನು ಅಳೆಯುವ ಬಗೆ

‘ಆಟ ಇತ್ತೋ ಇಲ್ಲವೋ’ ಎಂಬುದನ್ನು ಕಣ್ಣಂದಾಜಿಗೆ ಬಿಡದೆ ಅಳೆಯುವ ಸಾಧನಗಳು ಈಗ ಇವೆ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ನಿರೀಕ್ಷಿತ ಗೋಲುಗಳ ಲೆಕ್ಕ, ಪರದೆಯ ಮೇಲೆ ‘ಎಕ್ಸ್‌ಜಿ’ ಎಂದು ಕಾಣಿಸಿಕೊಳ್ಳುವುದು. ಗೋಲಿನಿಂದ ಎಷ್ಟು ದೂರ, ಯಾವ ಕೋನ, ತಲೆಯಿಂದಲೋ ಕಾಲಿನಿಂದಲೋ ಎಂಬುದನ್ನು ಹಿಂದಿನ ಸಾವಿರಾರು ಹೊಡೆತಗಳೊಂದಿಗೆ ಹೋಲಿಸಿ ಪ್ರತಿ ಹೊಡೆತಕ್ಕೂ ಸೊನ್ನೆಯಿಂದ ಒಂದರೊಳಗಿನ ಬೆಲೆ ಕಟ್ಟುತ್ತಾರೆ. ಪೆನಾಲ್ಟಿಗೆ 0.75ರಿಂದ 0.8ರಷ್ಟು ಬೆಲೆ, ದೂರದ ಹೊಡೆತಕ್ಕೆ ಅದರ ಸಣ್ಣ ಚೂರು. ಒಂದು ಗೋಲಿನಿಂದ ಗೆದ್ದ ತಂಡದ ಒಟ್ಟು ಬೆಲೆ ಎದುರಾಳಿಗಿಂತ ಬಹಳ ಕಡಿಮೆಯಿದ್ದರೆ ‘ಲಕ್ ಮ್ಯಾಲೆ ಗೆದ್ರು’ ಎಂಬ ಮಾತಿಗೆ ಆಧಾರ ಸಿಗುತ್ತದೆ.

ಈ ಲೆಕ್ಕಕ್ಕೂ ಮಿತಿಗಳಿವೆ. ಮುನ್ನಡೆ ಪಡೆದ ತಂಡ ಬೇಕೆಂದೇ ಹಿಂದೆ ಸರಿದು ಕಾವಲಿಗೆ ನಿಲ್ಲುತ್ತದೆ, ಹಿಂದಿರುವ ತಂಡ ಬಡಿದೇ ಬಡಿಯುತ್ತದೆ. ರಿಯಾದ್‌ನ ಉತ್ತರಾರ್ಧವನ್ನಷ್ಟೇ ನೋಡಿದವರಿಗೆ ಮೇಘಾಲಯ ಮೇಲೆಂದು ಕಂಡರೆ ಆಶ್ಚರ್ಯವಿಲ್ಲ. ಮೊದಲರ್ಧದ ಮೂರು ಗೋಲುಗಳೇ ಆ ಉತ್ತರಾರ್ಧಕ್ಕೆ ಕಾರಣ. ಎದುರಾಳಿಯ ಮಟ್ಟ, ಒಬ್ಬ ಆಟಗಾರ ಹೊರಹೋದದ್ದು, ಎಡೆಬಿಡದ ಪಂದ್ಯಗಳ ದಣಿವು ಇವನ್ನೂ ಲೆಕ್ಕಕ್ಕೆ ಸೇರಿಸದೆ ಗೆಲುವಿನ ತೂಕ ಸಿಗುವುದಿಲ್ಲ.

ಜಾತ್ರೆಯ ಕುಸ್ತಿ ಕಲಿಸಿದ ಅಳತೆ

ಕಲ್ಯಾಣ ಕರ್ನಾಟಕದ ನೋಡುಗನಿಗೆ ಗೆಲುವಿನ ಬಗ್ಗೆ ಇರುವ ಕಲ್ಪನೆ ಬಹುಪಾಲು ಜಾತ್ರೆಯ ಕಣದಲ್ಲಿ ರೂಪುಗೊಂಡದ್ದು. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದರೆ ಗೆಲುವು. ನಿಕಾಲಿ ಕುಸ್ತಿ ಎಂಬ ಹೆಸರೇ ಇತ್ಯರ್ಥವಾಗುವವರೆಗೆ ಆಡುವುದನ್ನು ಸೂಚಿಸುತ್ತದೆ. ಯಾರೂ ಚಿತ್ ಆಗದಿದ್ದರೆ ಸಮ ಎಂದು ಇಬ್ಬರ ಕೈಯನ್ನೂ ಎತ್ತುವ ರೂಢಿಯೂ ಇದೆ. ಮ್ಯಾಟ್ ಮೇಲಿನ ಕುಸ್ತಿ ಬೇರೆ. ಅಲ್ಲಿ ಅಂಕವಿದೆ. ಅಂಕ ಸಮವಾದರೆ ದೊಡ್ಡ ಪಟ್ಟು ಹಾಕಿದವರು ಯಾರು, ಎಚ್ಚರಿಕೆ ಕಡಿಮೆ ಪಡೆದವರು ಯಾರು ಎಂದು ನೋಡಿ, ಅದೂ ಸಮವಾದರೆ ಕೊನೆಯ ಅಂಕ ಗಳಿಸಿದವರನ್ನು ವಿಜೇತರೆನ್ನುತ್ತಾರೆ. ಮಣ್ಣಿನ ಕುಸ್ತಿ ನೋಡಿ ಬೆಳೆದವರಿಗೆ ಆ ಗೆಲುವು ಅರ್ಧ ಬೆಂದ ರೊಟ್ಟಿಯಂತೆ ಕಾಣುವುದು ಸಹಜ. ಫುಟ್‌ಬಾಲಿನ 1–0 ಅವರಿಗೆ ಅಂಕದ ಗೆಲುವು, 4–0 ಚಿತ್.

ಕಾಲ್ಚೆಂಡಿನ ಕಪ್‌ನಲ್ಲಿ ಇಬ್ಬರ ಕೈ ಎತ್ತುವ ಅವಕಾಶವಿಲ್ಲ, ಒಬ್ಬರು ಮುಂದೆ ಹೋಗಲೇಬೇಕು. ಮೊದಲು ಮರುಪಂದ್ಯ ಆಡಿಸುತ್ತಿದ್ದರು, ಇಲ್ಲವೇ ಚೀಟಿ ಎತ್ತುತ್ತಿದ್ದರು. 1968ರ ಯುರೋ ಸೆಮಿಫೈನಲ್‌ನಲ್ಲಿ ಇಟಲಿ ಸೋವಿಯತ್ ಒಕ್ಕೂಟವನ್ನು ದಾಟಿದ್ದು ನಾಣ್ಯ ಚಿಮ್ಮಿ. ಅಂಥ ತೀರ್ಮಾನಗಳು ತೀರಾ ಅನ್ಯಾಯ ಎನ್ನಿಸಿ 1970ರಲ್ಲಿ ಪೆನಾಲ್ಟಿ ಶೂಟೌಟ್ ನಿಯಮದೊಳಗೆ ಬಂತು. ಆದರೂ ನಿಯಮ ರೂಪಿಸಿದವರು ಒಂದು ಎಚ್ಚರ ಉಳಿಸಿಕೊಂಡರು. ಶೂಟೌಟ್ ಯಾರು ಮುಂದೆ ಹೋಗಬೇಕೆಂದು ತೀರ್ಮಾನಿಸುತ್ತದೆಯೇ ಹೊರತು ಪಂದ್ಯದ ಫಲಿತಾಂಶವನ್ನಲ್ಲ. ಅಂಥ ಪಂದ್ಯ ದಾಖಲೆಯಲ್ಲಿ ಸಮ ಎಂದೇ ಸೇರುತ್ತದೆ. ಫತೋರ್ಡಾದ ಆ ಫೈನಲ್ ಇವತ್ತಿಗೂ 2–2, ಕಪ್ ಹೋದದ್ದು ಕೋಲ್ಕತ್ತಕ್ಕೆ. ಒಗ್ಗರಣಿ–ಮಿರ್ಚಿ ತಟ್ಟೆಯ ಮುಂದೆ ಕೂತ ಆ ಇಬ್ಬರು ಹೇಳುವ ಎರಡು ಮಾತನ್ನೂ ದಾಖಲೆ ಹೀಗೆ ಬೇರೆ ಬೇರೆ ಕಡೆ ಬರೆದಿಟ್ಟುಕೊಂಡಿದೆ. ಆಟದ ಲೆಕ್ಕ ಒಂದು ಸಾಲಿನಲ್ಲಿದೆ, ಕಪ್ಪಿನ ಲೆಕ್ಕ ಇನ್ನೊಂದು ಸಾಲಿನಲ್ಲಿದೆ.